ಚಳಿಗಾಲದ ನೀರಿನ ಲೆಕ್ಕ

ಲಿವರ್‌ಮೋರ್
22 ಫೆಬ್ರವರಿ 2000

ಶ್ರೀಮಾನ್ ವಾಹಿದ್ ಸಾಹೇಬರ ಸನ್ನಿಧಿಗೆ,

ಸಮಸ್ತ ಕ್ಯಾಲಿಫೋರ್ನಿಯಾ ಸಂಸ್ಥಾನದ ಪ್ರಜೆಗಳಿಗೂ, ಗಾಲಿಯ ಮೇಲೆ ಮನೆ ಕಟ್ಟಿಕೊಂಡು ನಿನ್ನ ಪಾರ್ಕಿನಲ್ಲಿ ಬೀಡುಬಿಟ್ಟಿರುವ ಮೂವತ್ತೆಂಟು ಒಕ್ಕಲಿಗೂ ಈ ಮೂಲಕ ಡಂಗುರ ಸಾರಿ ತಿಳಿಸುವುದೇನೆಂದರೆ: ಇಂದಿನಿಂದ ನಾನೂ ನೀನೂ ಫೋನಿನಲ್ಲಿ ಮಾತಾಡುವಂತಿಲ್ಲ. ಒಂದು ಟ್ರೇಲರಿನ ಕಕ್ಕಸಿಗೆ ದಿನಕ್ಕೆ ಎಷ್ಟು ಚೊಂಬು ನೀರು ಹೋಗುತ್ತದೆ ಎಂಬ ಮಹಾಪ್ರಶ್ನೆ ನಮ್ಮ ವಾಟರ್ ಡಿಸ್ಟ್ರಿಕ್ಟಿನ, ಅಂದರೆ ಇಲ್ಲಿಯ ನೀರು-ಚರಂಡಿ ಮಂಡಳಿಯ ಮುಂದೆ ಬಂದಿದೆ. ಉತ್ತರ ಹುಡುಕುವ ಭಾರ ಈ ಬಡಪಾಯಿಯ ಹೆಗಲಿಗೆ ಬಿದ್ದಿದೆ.

ನಗಬೇಡ. ಇಷ್ಟು ವರ್ಷ ನಿನ್ನ ಪಾರ್ಕಿನಂಥ ಗಾಲಿಮನೆಯ ಆರ್‌ವಿ ಪಾರ್ಕುಗಳಿಗೆ ಒಳಚರಂಡಿ ದರ ಅಂತ ಬೇರೆ ಇರಲಿಲ್ಲ, ಮೋಟೆಲಿನ ದರವನ್ನೇ ಹಾಕಿ ಕೈತೊಳೆದುಕೊಂಡಿದ್ದರು. ಈಗ ಬಾಡಿಗೆಗೆ ಅಪಾರ್ಟ್‌ಮೆಂಟು ಸಿಗದೆ ಅರ್ಧ ಸಿಲಿಕಾನ್ ವ್ಯಾಲಿಯೇ ಗಾಲಿಮನೆಗೆ ಬಂದು ಕೂತಿರುವುದರಿಂದ, 'ಇವರೂ ಸಂಸಾರಸ್ಥರೇ, ಇವರಿಗೂ ನ್ಯಾಯವಾದ ದರ ಗೊತ್ತುಮಾಡಿ' ಎಂದು ಬೋರ್ಡು ಅಪ್ಪಣೆ ಕೊಡಿಸಿದೆ.

ನನ್ನ ಮೇಲಧಿಕಾರಿ ಗ್ಯಾರಿಗೆ ಮೊದಲೇ ಹೇಳಿದೆ: ಆ ಪಾರ್ಕಿನ ಮಾಲೀಕ ನನ್ನ ಜೊತೆ ಮಂಡ್ಯದಲ್ಲಿ ಇಂಜಿನಿಯರಿಂಗ್ ಓದಿದವನು, ಒಂದೇ ಹಾಸ್ಟೆಲ್ ರೂಮು, ನಾಲ್ಕು ವರ್ಷ ಅವನ ಸೋಪಿನಲ್ಲೇ ಸ್ನಾನ ಮಾಡಿದ್ದೇನೆ ಅಂತ. ಗ್ಯಾರಿ ಗಡ್ಡ ಕೆರೆದುಕೊಂಡು, 'ಪರವಾಗಿಲ್ಲ. ಆದರೆ ಬೋರ್ಡಿನ ವಿಚಾರಣೆ ಮುಗಿಯುವವರೆಗೆ ಅವರ ಜೊತೆ ಮಾತೇನಿದ್ದರೂ ಬರಹದಲ್ಲಿರಲಿ, ಒಂದೊಂದು ಪ್ರತಿ ಫೈಲಿಗೆ ಹೋಗಲಿ' ಅಂದ. ಯಾವ ಭಾಷೆಯಲ್ಲಿ ಅಂತ ಅವನು ಹೇಳಲಿಲ್ಲ, ನಾನೂ ಕೇಳಲಿಲ್ಲ. ಆದ್ದರಿಂದ ಈ ಪತ್ರದ ಪ್ರತಿಗೆ ನಮ್ಮ ಗುಮಾಸ್ತೆ ಡೊನ್ನಾ 'ಸ್ವೀಕರಿಸಲಾಗಿದೆ' ಎಂಬ ಮುದ್ರೆ ಒತ್ತಿ ಭಕ್ತಿಯಿಂದ ಫೈಲಿಗೆ ಸೇರಿಸುತ್ತಾಳೆ. ಅವಳ ಕಣ್ಣಿಗೆ ಇದು ಜಿಲೇಬಿಯ ಸಾಲು.

ಜೊತೆಗೆ ಒಂದು ಫಾರಮ್ಮನ್ನೂ ತುಂಬಿಸಿಕೊಂಡರು. 'ಕಳೆದ ಹನ್ನೆರಡು ತಿಂಗಳಲ್ಲಿ ಸದರಿ ಗ್ರಾಹಕರಿಂದ ಉಡುಗೊರೆ, ಊಟ, ಉಪಚಾರ ಪಡೆದಿದ್ದೀರಾ?' ಇಲ್ಲ ಅಂತ ಗುರುತು ಹಾಕಿ ಸಹಿ ಮಾಡಿದೆ. ಮತ್ತೇನು ಮಾಡಲಿ? ನಿನ್ನ ಮನೆಯಲ್ಲಿ ಉಂಡದ್ದು ಉಪಚಾರ ಅನ್ನುವುದಾದರೆ ನಮ್ಮವ್ವ ನನಗೆ ಹುಟ್ಟಿದಾಗಿನಿಂದ ಲಂಚ ಕೊಟ್ಟಿದ್ದಾಳೆ.

ಗುರುವಾರ ಬೆಳಿಗ್ಗೆ ನಿನ್ನ ಮೀಟರು ನೋಡಲು ಬರುತ್ತೇನೆ. ನಮ್ಮ ವ್ಯಾಪ್ತಿಯ ಉಳಿದೆರಡು ಪಾರ್ಕಿನವರಲ್ಲಿ ಒಬ್ಬ ವಕೀಲರ ಮೂಲಕ ಬಾ ಅಂದ, ಇನ್ನೊಬ್ಬ ನಾಯಿ ಬಿಟ್ಟ. ಹಾಗಾಗಿ ಇಡೀ ಆರ್‌ವಿ ಕುಲಕ್ಕೆ ನಿನ್ನ ಪಾರ್ಕೇ ಮಾದರಿ. ನಾನು ಗುರುತಿಲ್ಲದವನ ಹಾಗೆ 'ಗುಡ್ ಮಾರ್ನಿಂಗ್ ಸರ್' ಅನ್ನುತ್ತೇನೆ. ನೀನೂ ನಗದೆ ಅನ್ನಬೇಕು.

ಇಂತಿ ನಿನ್ನ ಸರ್ಕಾರಿ ವಿಧೇಯ,
ಜಯರಾಮ್


ಪಾರ್ಕಿನ ಆಫೀಸು
3 ಮಾರ್ಚ್ 2000

ಲೋ ಜಯರಾಮ,

ಗುಡ್ ಮಾರ್ನಿಂಗ್ ಸರ್.

ನೀನು ಮೊಣಕಾಲೂರಿ ಮೀಟರಿನ ಗುಂಡಿಯೊಳಗೆ ಟಾರ್ಚು ಬಿಟ್ಟು ಇಣುಕ್ತಾ ಇದ್ಯಲ್ಲ, ಆಗ ಹದಿನಾಲ್ಕನೇ ನಂಬರಿನ ಲೊರೇನ್ ನನ್ನ ಪಕ್ಕದಲ್ಲೇ ನಿಂತಿದ್ದಳು. ಅದೇ, ಮೂವತ್ತು ವರ್ಷ ಸ್ಕೂಲ್ ಬಸ್ಸು ಓಡಿಸಿ ರಿಟೈರಾದ ಅಜ್ಜಿ. 'ಅವನು ಜಯ್ ಅಲ್ವಾ? ಯಾಕೆ ಮಾತಾಡಿಸ್ತಿಲ್ಲ? ಜಗಳವಾ?' ಅಂತ ಕೇಳಿದಳು. 'ಇಲ್ಲಮ್ಮ, ಸರ್ಕಾರಿ ಕೆಲಸ' ಅಂದೆ. 'ಜಗಳವಾಗಿದ್ರೆ ಬೇಗ ಮುಗೀತಿತ್ತು' ಅಂದಳು.

ನಮ್ಮ ಮನೆಯಾಕೆ ನೂರುನ್ನಿಸಾ ಚಹಾ ಮಾಡಿ ಪಾತ್ರೆ ಮುಚ್ಚಿಟ್ಟು ಅರ್ಧ ಗಂಟೆ ಕಾದಳು. ನೀನು ಬೇಡ ಅಂದು ಕಾರು ಹತ್ತಿದೆ. ನಿನ್ನ ಕಾನೂನು ನಾನು ಅವಳಿಗೆ ಅರ್ಥ ಮಾಡಿಸ್ದೆ. ಅರ್ಥ ಆಯ್ತು ಅಂದಳು, ಆದರೆ ಚಹಾನ ಸಿಂಕಿಗೆ ಸುರಿದ ರೀತಿ ನೋಡಿದ್ರೆ ಅರ್ಥ ಆಗಿಲ್ಲ.

ಇಪ್ಪತ್ತೆರಡನೇ ನಂಬರಿಗೆ ಹೊಸಬ ಬಂದಿದ್ದಾನೆ. ಜಗನ್ನಾಥ ಅಂತ, ಹಾಸನದವನು. ಪಾಲೋ ಆಲ್ಟೋದಲ್ಲಿ ಕೆಲಸ, ಕಂಪನಿ ಷೇರು ಮಾರುಕಟ್ಟೆಗೆ ಬಂದ ದಿನ ಕೋಟ್ಯಧೀಶ. ಅಲ್ಲಿವರೆಗೂ ಟವಲ್ ಹೆಗಲಿಗೆ ಹಾಕ್ಕೊಂಡು ಕ್ಲಬ್‌ಹೌಸಿನ ಷವರಿಗೆ ಲೈನಿನಲ್ಲಿ ನಿಲ್ತಾನೆ. ಕೋಟ್ಯಧೀಶರ ಕೈಲಿ ಸೋಪಿನ ಡಬ್ಬಿ ನೋಡೋಕೆ ಚೆಂದ.

ನ್ಯಾಯವಾದ ದರ ಬರಲಿ ಮಾರಾಯ. ತೊಂಬತ್ತಮೂರರಲ್ಲಿ ಈ ಪಾಳುಬಿದ್ದ ಜಾಗ ಕೊಂಡಾಗಿನಿಂದ ಮೋಟೆಲಿನ ದರ ಕಟ್ಟಿ ಕಟ್ಟಿ ಸುಸ್ತಾಗಿದೆ. ಬೇರೆ ಯಾರೋ ಈ ಕೆಲಸಕ್ಕೆ ಕೂತಿದ್ರೆ ನಾನೂ ವಕೀಲರನ್ನ ಹುಡುಕ್ತಿದ್ದೆ. ನೀನಿದ್ದೀಯ, ನಿದ್ದೆ ಮಾಡ್ತಿದ್ದೀನಿ.

ನಿನ್ನ,
ವಾಹಿದ್


ಲಿವರ್‌ಮೋರ್
27 ಮಾರ್ಚ್ 2000

ಪ್ರಿಯ ವಾಹಿದ್,

ಮಹಾಪ್ರಶ್ನೆಗೆ ಉತ್ತರ ಸಿಕ್ಕಿದೆ. ಸಿಕ್ಕ ಉತ್ತರವನ್ನು ನೋಡಿ ಪ್ರಶ್ನೆಯೇ ನಾಚಿಕೊಂಡಿದೆ.

ಮೊದಲು ಶಾಸ್ತ್ರ ಕೇಳು. ನೀರಿಗೆ ಮೀಟರುಂಟು, ಚರಂಡಿಗೆ ಇಲ್ಲ. ಇಟ್ಟರೂ ಓದುವುದಕ್ಕೆ ಯಾರು ಇಳಿಯುತ್ತಾರೆ? ಅದಕ್ಕೇ ಹಿರಿಯರು ಒಂದು ಉಪಾಯ ಮಾಡಿದ್ದಾರೆ. ಬೇಸಿಗೆಯಲ್ಲಿ ಜನ ಹುಲ್ಲಿಗೆ, ಗಿಡಕ್ಕೆ ನೀರು ಬಿಡುತ್ತಾರೆ, ಅದು ಮಣ್ಣಿಗೆ ಹೋಗುತ್ತದೆ. ಚಳಿಗಾಲದಲ್ಲಿ ಆ ಕೆಲಸ ಮಳೆಯದು. ಆದ್ದರಿಂದ ಡಿಸೆಂಬರ್-ಜನವರಿಯಲ್ಲಿ ನಲ್ಲಿಯಿಂದ ಬಂದ ನೀರೆಲ್ಲ ಚರಂಡಿಗೇ ಇಳಿಯಿತು ಅಂತ ಹಿಡಿದು, ಆ ಎರಡು ತಿಂಗಳ ಅಂಕಿಯನ್ನೇ ವರ್ಷವಿಡೀ ಹಣೆಗೆ ಅಂಟಿಸುತ್ತಾರೆ.

ಬೇರೆ ಊರುಗಳಲ್ಲಿ ಒಂದು ಆರ್‌ವಿ ಜಾಗ ಅಂದರೆ ಲೆಕ್ಕಕ್ಕೆ ಅರ್ಧ ಮನೆ. ಸಣ್ಣ ಅಡುಗೆಮನೆ, ಸಣ್ಣ ಬಚ್ಚಲು, ನ್ಯಾಯವೇ. ನಿನ್ನ ಮೀಟರಿನ ಪ್ರಕಾರ ಅದು ಮನೆಯ ನೂರಕ್ಕೆ ತೊಂಬತ್ತು ಭಾಗ! ಲೊರೇನಮ್ಮ ಒಬ್ಬಳೇ ಆ ತಗಡಿನ ಡಬ್ಬದಲ್ಲಿ ಕೂತು ಹೆಚ್ಚುಕಡಿಮೆ ಒಂದು ತುಂಬುಸಂಸಾರದ ನೀರು ಮುಗಿಸುತ್ತಾಳೆ. ಗುಟ್ಟಾಗಿ ಎಮ್ಮೆ ಕಟ್ಟಿದ್ದಾಳೇನೋ ನೋಡು.

ಗ್ಯಾರಿಗೆ ಅಂಕಿ ತೋರಿಸಿದೆ. 'ಮೀಟರು ಸುಳ್ಳು ಹೇಳುವುದಿಲ್ಲ' ಅಂದ. ನನ್ನ ಅನುಮಾನ, ಎಲ್ಲೋ ಪೈಪು ಸೋರುತ್ತಿದೆ. ಪ್ಲಂಬರನ್ನು ಕರೆಸು. ಆ ಎರಡು ತಿಂಗಳಲ್ಲಿ ಬೇರೆ ಕಾರಣಕ್ಕೆ ನೀರು ಹೋಯಿತು ಅಂತ ಆಧಾರ ಸಿಕ್ಕರೆ ಆ ಅಂಕಿಯನ್ನು ಕೈಬಿಡಲು ನಿಯಮ ಇದೆ. ವಿಚಾರಣೆ ಮೇ 16ಕ್ಕೆ.

ಮಗಳು ನಿಸರ್ಗಾ ಬಂದು ಇಣುಕಿದಳು. 'ವೈ ಆರ್ ಯು ರೈಟಿಂಗ್ ಟು ವಾಹಿದ್ ಅಂಕಲ್? ಜಸ್ಟ್ ಕಾಲ್ ಹಿಮ್!' ಒಂದನೇ ಕ್ಲಾಸಿನವಳಿಗೆ ಗೊತ್ತಾಗುವುದು ಸರ್ಕಾರಕ್ಕೆ ಗೊತ್ತಾಗುವುದಿಲ್ಲ.

ನಿನ್ನ,
ಜಯರಾಮ್


ಪಾರ್ಕಿನ ಆಫೀಸು
6 ಏಪ್ರಿಲ್ 2000

ಜಯರಾಮ,

ಪ್ಲಂಬರ್ ಎರಡು ದಿನ ಇಂಚಿಂಚು ಹುಡುಕಿದ. ಸೋರಿಕೆ ಎಲ್ಲೂ ಇಲ್ಲ.

ಮಧ್ಯಾಹ್ನ ನಿನ್ನ ಪತ್ರನ ನೂರುನ್ನಿಸಾಗೆ ಓದಿ ಹೇಳ್ತಿದ್ದೆ. ಡಿಸೆಂಬರ್-ಜನವರಿ ಅಂದಿದ್ದೇ ತಡ, ರೊಟ್ಟಿ ಬಡಿಯೋದು ನಿಲ್ಲಿಸಿ, 'ಯಾಕ್ರೀ, ರಂಜಾನ್ ಯಾವಾಗಿತ್ತು?' ಅಂದಳು.

ನಾವಿಬ್ಬರೂ ಇಂಜಿನಿಯರುಗಳು. ಅವಳು ಏಳನೇ ಕ್ಲಾಸು.

ಕ್ಲಬ್‌ಹೌಸಿನ ಹಿಂದೆ ಆರು ನಲ್ಲಿ ಹಾಕಿಸಿದ್ದೀನಲ್ಲ, ನಮಾಜಿಗೆ ಮುಂಚೆ ಕೈಕಾಲು ಮುಖ ತೊಳೆಯೋಕೆ? ರಂಜಾನಿನಲ್ಲಿ ದಿನಾ ಸಂಜೆ ನೂರೈವತ್ತು ಜನ ಬಂದರು, ಶನಿವಾರ ಭಾನುವಾರ ಮುನ್ನೂರು. ಫ್ರೀಮಾಂಟಿಂದ, ಸ್ಯಾನ್ ಹೋಸೆಯಿಂದ, ಬರ್ಕ್ಲಿಯ ಓದೋ ಹುಡುಗರು, ಟ್ಯಾಕ್ಸಿಯವರು. ರೋಜಾ ಬಿಡೋಕೆ ಹತ್ತಿರದಲ್ಲಿ ಅವರಿಗೆ ಬೇರೆ ಜಾಗ ಇರಲಿಲ್ಲ. ಗಂಜಿ ಹಂಡೆ ನಾಲ್ಕು, ಬಿರಿಯಾನಿ ಹಂಡೆ ಎರಡು, ತೊಳೆಯೋಕೆ ಪೈಪೇ ಬಿಡಬೇಕು. ಇದನ್ನೆಲ್ಲ ನಿನಗೆ ಯಾಕೆ ಹೇಳ್ತಿದ್ದೀನಿ? ನಾನು ಹಂಡೆ ತಿಕ್ಕುವಾಗ ಪ್ಯಾಂಟು ಮಡಿಸಿಕೊಂಡು ಪೈಪು ಹಿಡಿದು ನಿಲ್ತಿದ್ದವನು ನೀನೇ.

ಇದನ್ನ ನಾನು ಬೋರ್ಡಿನ ಮುಂದೆ ಹೇಳಿದ್ರೆ ದರ ಇಳಿಸೋಕೆ ಕಥೆ ಕಟ್ತಿದ್ದಾನೆ ಅಂತಾರೆ. ನೀನು ಹೇಳಿದ್ರೆ ನಂಬ್ತಾರೆ. ನೀನು ಅವರ ಮನುಷ್ಯ, ಮೇಲಾಗಿ ಕಣ್ಣಾರೆ ನೋಡಿದವನು.

ಹೇಳದೆ ಹೋದ್ರೆ ಏನಾಗುತ್ತೆ ಅಂತಲೂ ಬರೆದುಬಿಡ್ತೀನಿ, ಆಮೇಲೆ ಗೊತ್ತಿರಲಿಲ್ಲ ಅನ್ನಬೇಡ. ಈಗಿನ ಮೋಟೆಲಿನ ದರಕ್ಕಿಂತಲೂ ಜಾಸ್ತಿಯಾಗೋ ಈ ದರ ನನ್ನ ಕೈಲಾಗಲ್ಲ. ಲೊರೇನ್ ತಲೆ ಮೇಲೆ ಹೊರಿಸೋಕೆ ಮನಸ್ಸು ಬರಲ್ಲ. ಪಕ್ಕದ ಜಮೀನು ಕೊಂಡಿರೋ ಬಿಲ್ಡರು ಪ್ರತಿ ಸೋಮವಾರ ಗೇಟಿಗೆ ಬಂದು 'ರೆಡಿನಾ?' ಅಂತಾನೆ. ಇಲ್ಲಿ ಆಫೀಸು ಕಟ್ತಾನಂತೆ. ಇಲ್ಲಿವರೆಗೂ ನಗ್ತಾ ಸಾಗಹಾಕಿದ್ದೀನಿ. ಈ ದರ ಬಂದ್ರೆ ಪಾರ್ಕು ಅವನಿಗೇ. ಮೂವತ್ತೆಂಟು ಮನೆ ಎಲ್ಲಿಗೆ ಉರುಳಬೇಕು, ನೀನೇ ಹೇಳು.

ಎದ್ದು ನಿಂತು ನಾಲ್ಕು ಮಾತು ಹೇಳು. ಅಷ್ಟೇ ಕೇಳ್ತಿರೋದು.

ವಾಹಿದ್


ಲಿವರ್‌ಮೋರ್
19 ಏಪ್ರಿಲ್ 2000

ಪ್ರಿಯ ವಾಹಿದ್,

ನಿನ್ನ ಪತ್ರ ಬಂದು ಹನ್ನೊಂದು ದಿನವಾಯಿತು. ಹನ್ನೊಂದು ದಿನವೂ ಅದನ್ನು ಲಂಚ್ ಡಬ್ಬಿಯ ಹಾಗೆ ಆಫೀಸಿಗೆ ಒಯ್ದು ವಾಪಸು ತಂದಿದ್ದೇನೆ. ಇವತ್ತು ತೆರೆದೆ.

ಈ ಕೆಳಗೆ ಸಹಿ ಮಾಡಿರುವ ನಾನು ಪ್ರಮಾಣಪೂರ್ವಕವಾಗಿ ನುಡಿಯುವುದೇನೆಂದರೆ: ಕಳೆದ ರಂಜಾನಿನಲ್ಲಿ ಒಂದೆರಡು ಸಂಜೆ ಬಿಟ್ಟರೆ ಮಿಕ್ಕೆಲ್ಲ ಸಂಜೆ ನಾನು ವಾಹಿದನ ಪಾರ್ಕಿನಲ್ಲಿದ್ದೆ. ಉಪವಾಸವನ್ನೇ ಮಾಡದೆ ಉಪವಾಸ ಮುರಿದೆ, ಅದೂ ಮುಂದಿನ ಸಾಲಿನಲ್ಲಿ ಕೂತು. ನಾನು ಶನಿವಾರ ಮಾಂಸ ತಿನ್ನುವುದಿಲ್ಲ ಅಂತ ನೂರುನ್ನಿಸಾ ಭಾಬಿ ನನಗೊಬ್ಬನಿಗೇ ಮಟನ್ ಹಾಕದ ಗಂಜಿಯನ್ನು ಬೇರೆ ಪಾತ್ರೆಯಲ್ಲಿ ತೆಗೆದಿಡುತ್ತಿದ್ದರು. ಆರೂ ನಲ್ಲಿಗಳು ಸಂಜೆ ನಾಲ್ಕರಿಂದ ಹರಿದದ್ದನ್ನು ಕಂಡಿದ್ದೇನೆ. ಹಂಡೆಗೆ ಪೈಪು ಹಿಡಿದಿದ್ದೇನೆ. ಚಳಿಗಾಲದ ಆ ಅಂಕಿ ಪಾರ್ಕಿನ ಅಂಕಿ ಅಲ್ಲ, ರಂಜಾನಿನ ಅಂಕಿ. ಅದರ ಮೇಲೆ ದರ ಕಟ್ಟುವುದು ತಪ್ಪು. ಇದು ಸತ್ಯ.

ಬರೆದದ್ದಾಯಿತು. ಇದರ ಪ್ರತಿಯನ್ನು ನಾಳೆ ಡೊನ್ನಾಗೆ ಕೊಡುತ್ತೇನೆ, ಮುದ್ರೆ ಬೀಳುತ್ತದೆ, ಫೈಲಿನ ನಲವತ್ತೇಳನೇ ಹಾಳೆಯಾಗುತ್ತದೆ. ನಾನು ಏನನ್ನೂ ಮುಚ್ಚಿಟ್ಟಿಲ್ಲ ಅಂತ ಯಾವ ನ್ಯಾಯಾಲಯದಲ್ಲಿ ಬೇಕಾದರೂ ಹೇಳಬಹುದು.

ಇಂಗ್ಲಿಷಿನಲ್ಲಿ ಯಾಕೆ ಬರೆಯಲಿಲ್ಲ ಅಂತ ಕೇಳುತ್ತೀಯ. ಊಟ ಪಡೆದಿಲ್ಲ ಅಂತ ಫಾರಮ್ಮಿನಲ್ಲಿ ಸಹಿ ಹಾಕಿದ್ದೇನೆ. ಈಗ ಎದ್ದು ನಿಂತು ತಿಂಗಳಿಡೀ ಉಂಡೆ ಅಂದರೆ, ಸುಳ್ಳಿಗೆ ಸಹಿ ಹಾಕಿದವನಾಗುತ್ತೇನೆ. ಅವರಿಗೆ ನಮ್ಮ ಮಂಡ್ಯದ ಹಾಸ್ಟೆಲಿನ ನ್ಯಾಯ ತಿಳಿಯುವುದಿಲ್ಲ. ನನ್ನ ಗ್ರೀನ್ ಕಾರ್ಡಿನ ಅರ್ಜಿ ಇದೇ ಆಫೀಸಿನ ಮೂಲಕ ಹೋಗಿದೆ. ಕೆಲಸ ಹೋದರೆ ಮೂರೂ ಜನ ಗಂಟುಮೂಟೆ ಕಟ್ಟಿಕೊಂಡು ಹೊರಡಬೇಕು.

ಹೆಂಡತಿಯಿಂದ ಮುಚ್ಚಿಡಲಾಗದೆ ಪ್ರಭಾಗೆ ಎಲ್ಲ ಹೇಳಿದೆ. ಅವಳು ಮೊರ ತೆಗೆದುಕೊಂಡು ಅಕ್ಕಿ ಆರಿಸುತ್ತಾ ಕೂತಳು. ಈ ದೇಶದ ಅಕ್ಕಿಯಲ್ಲಿ ಕಲ್ಲಿರುವುದಿಲ್ಲ.

ವಿಚಾರಣೆಗೆ ಇನ್ನೂ ನಾಲ್ಕು ವಾರ ಇದೆ. ಏನಾದರೊಂದು ದಾರಿ ತೋಚುತ್ತದೆ.

ನಿನ್ನ,
ಜಯರಾಮ್


20 ಮೇ 2000

ಜಯರಾಮ ಅಣ್ಣಾವ್ರಿಗೆ,

ನೂರುನ್ನಿಸಾ ಮಾಡುವ ಸಲಾಂ. ಇವ್ರು ಬರಿಯಂಗಿಲ್ಲ ಅಂದ್ರು, ಅದಕ್ಕ ನಾ ಬರಿಯಾಕತ್ತೀನಿ. ಗದಗಿನ ಕನ್ನಡ ಸಾಲ್ಯಾಗ ಕಲತಾಕಿ, ತಪ್ಪಿದ್ರ ಹೊಟ್ಟ್ಯಾಗ ಹಾಕ್ಕೋರಿ.

ಮಂಗಳವಾರ ವಿಚಾರಣೆಗೆ ಬಂದು ನಾನು, ಲೊರೇನ್ ಹಿಂದಿನ ಸಾಲಿನ್ಯಾಗ ಕುಂತಿದ್ವಿ. ನೀವು ನಮ್ಮ ಕಡೆ ನೋಡ್ಲಿಲ್ಲ. ಇವ್ರಿಗೆ ಮಾತಾಡಾಕ ಮೂರು ನಿಮಿಷ ಕೊಟ್ರು. ರಂಜಾನಿನ ವಿಷಯ ಇವ್ರು ಹೇಳಿದ್ರು, ನಲ್ಲಿ, ಹಂಡೆ, ಮಂದಿ, ಎಲ್ಲಾ. ಹೇಳಿ ಬಂದು ನನ್ನ ಮಗ್ಗಲಕ ಕುಂತ್ರು. ಆಗ ಆ ಬೋರ್ಡಿನ ಅಧ್ಯಕ್ಷಿಣಿ ನಿಮ್ಮ ಕಡೆ ತಿರುಗಿ, 'ಈ ಮಾತಿಗೆ ಆಧಾರ ಏನರ ಐತೇನು?' ಅಂತ ಕೇಳಿದ್ರು. ನೀವು ಎದ್ದು ನಿಂತ್ರಿ. ಟೈ ಸರಿ ಮಾಡ್ಕೊಂಡ್ರಿ. 'ನಮಗ ಬಂದಿದ್ದೆಲ್ಲಾ ಫೈಲಿನ್ಯಾಗ ಐತ್ರಿ' ಅಂದು ಕುಂತ್ಬಿಟ್ರಿ.

ಆ ಬಾಯಾರು ಪಾಪ ಫೈಲ್ ತಿರುವಿದ್ರು. ಒಂದು ಹಾಳಿ ಮ್ಯಾಲೆತ್ತಿ ಹಿಡಿದ್ರು, ತಲಿಕೆಳಗ ಮಾಡಿ ನೋಡಿದ್ರು, ಮತ್ತ ಒಳಗ ಇಟ್ರು. ನಾ ಹಿಂದಿನ ಸಾಲಿನಿಂದನ ಗುರುತು ಹಿಡದೆ. ಅದು ನಿಮ್ಮ ಅಕ್ಷರ.

ಐದಕ್ಕೈದು ಕೈ ಎದ್ದುವು. ಜುಲೈದಿಂದ ಹೊಸಾ ದರ.

ಇನ್ನೊಂದು ಮಾತು ನಿಮಗ ಗೊತ್ತಿಲ್ಲ. ನಿಮ್ಮ ಆ ಪತ್ರ ಇವ್ರ ಕೋಟಿನ ಕಿಸೇದಾಗ ಇತ್ತು. ಜಗನ್ನಾಥನ ಕೈಲೆ ಅದನ್ನ ಇಂಗ್ಲಿಷಿನ್ಯಾಗ ಬರೆಸಿ, ಎರಡೂ ಕೂಡೇ ಪಿನ್ ಹಾಕಿ ಇಟ್ಕೊಂಡಿದ್ರು. ನಾ ಮೊಣಕೈಲೆ ತಿವಿದೆ, 'ಈಗ ತಗೀರಿ' ಅಂತ. ಕೈ ಕಿಸೇತನಕ ಹೋತು, ಹಂಗ ಹೊಳ್ಳಿ ಬಂತು. ಕಾರಿನ್ಯಾಗ ಯಾಕ ಅಂತ ಕೇಳಿದೆ. 'ಅವನ ಮಗಳು ಇನ್ನೂ ಸಣ್ಣಾಕಿ' ಅಂದ್ರು.

ಸಿಟ್ಟಿಲೆ ಬರದಿಲ್ಲ ಅಣ್ಣಾ. ನಿಮಗ ಗೊತ್ತಾಗಲಿ ಅಂತ ಬರದೀನಿ. ಉತ್ತರ ಬರಿಯಾಕ ಹೋಗಬ್ಯಾಡ್ರಿ. ಪ್ರಭಾಗ ಸಲಾಂ ಹೇಳ್ರಿ. ನಿಸರ್ಗಾಗ ಒಂದು ಮುತ್ತು.

ನಿಮ್ಮ ತಂಗಿ,
ನೂರುನ್ನಿಸಾ


ಲಿವರ್‌ಮೋರ್
2 ಜುಲೈ 2000

ವಾಹಿದ್,

ಭಾಬಿ ಉತ್ತರ ಬರೆಯಬೇಡಿ ಅಂದಿದ್ದಾರೆ. ಆದ್ದರಿಂದ ಇದು ಉತ್ತರವಲ್ಲ, ನಿನಗೆ ಬರೆದ ಬೇರೆ ಪತ್ರ. ನೋಡು, ಈಗಲೂ ನಿಯಮದ ಸಂದಿನಲ್ಲೇ ತೂರಿ ಬರುತ್ತಿದ್ದೇನೆ.

ವಿಚಾರಣೆ ಮುಗಿಯಿತಲ್ಲ, ಇನ್ನು ಫೋನು ಮಾಡಬಹುದು. ಮಾಡಿದೆ. ನಾಲ್ಕು ರಿಂಗಾದ ಮೇಲೆ ನಿನ್ನ ಮೆಷೀನು ಎತ್ತಿಕೊಂಡು, ಜಾಗ ಖಾಲಿ ಇಲ್ಲ, ಹೆಸರು ಹೇಳಿ ಅನ್ನುತ್ತದೆ. ಆರು ಸಲ ಮಾಡಿದ್ದೇನೆ. ಹೆಸರು ಹೇಳಿಲ್ಲ.

ಒಂದು ಮಂಗಳ ಸಮಾಚಾರ: ಗ್ಯಾರಿ ನನಗೆ ಬಡ್ತಿ ಕೊಡಿಸಿದ. ಆರ್‌ವಿ ದರದ ವರದಿ ಅಚ್ಚುಕಟ್ಟಾಗಿದೆಯಂತೆ. ಡೊನ್ನಾ ಕೇಕು ತಂದಿದ್ದಳು, ಮೇಲೆ ಸಕ್ಕರೆಯಲ್ಲಿ ಒಂದು ನಲ್ಲಿಯ ಚಿತ್ರ. ಪಕ್ಕದ ಎರಡು ಡಿಸ್ಟ್ರಿಕ್ಟಿನವರು ವರದಿಯ ಪ್ರತಿ ತರಿಸಿಕೊಂಡಿದ್ದಾರೆ. ಮನೆಯ ತೊಂಬತ್ತು ಭಾಗ ಅನ್ನುವ ನನ್ನ ಅಂಕಿ ಇನ್ನು ಊರೂರು ಸುತ್ತುತ್ತದೆ, ನಾನು ಮಾತ್ರ ನಿನ್ನ ಗೇಟಿನ ತನಕ ಬಂದು ಯು-ಟರ್ನ್ ಹೊಡೆಯುತ್ತೇನೆ. ಕಳೆದ ಭಾನುವಾರ ಗುಡ್ಡದ ದೇವಸ್ಥಾನಕ್ಕೆ ಹೋದವನು ಹಾಗೇ ಬಂದಿದ್ದೆ. ಲೊರೇನ್ ಕುರ್ಚಿ ಹಾಕಿಕೊಂಡು ಹೊರಗೆ ಕೂತಿದ್ದಳು. ಕೈ ಬೀಸಿದಳು. ನನಗೇ ಬೀಸಿದ್ದೋ ಏನೋ, ನಿಲ್ಲಿಸಲಿಲ್ಲ.

ಆದೇಶವಾದ ಅರವತ್ತು ದಿನದೊಳಗೆ ಮರುಪರಿಶೀಲನೆಗೆ ಅರ್ಜಿ ಹಾಕಬಹುದು. ಜುಲೈ 15 ಕೊನೆ ದಿನ. ನೀನು ಹಾಕು. ಈ ಸಲ ನನ್ನನ್ನು ಕರೆದರೆ ಖಂಡಿತ ಬಂದು ಹೇಳುತ್ತೇನೆ.

ಜಯರಾಮ್


30 ಅಕ್ಟೋಬರ್ 2000

ಜಯರಾಮ್,

ನಿನ್ನ ಜುಲೈ ಪತ್ರ ಬರೋ ಹೊತ್ತಿಗೆ ಪಾರ್ಕನ್ನ ಬಿಲ್ಡರಿಗೆ ಕೊಟ್ಟಾಗಿತ್ತು. ಜೂನಿನಲ್ಲೇ ಎಲ್ಲರಿಗೂ ಆರು ತಿಂಗಳ ನೋಟೀಸು ಕೊಟ್ಟೆ. ಒಬ್ಬೊಬ್ಬರ ಬಾಗಿಲಿಗೂ ನಾನೇ ಹೋಗಿ ಕೊಟ್ಟೆ.

ಅರ್ಜಿ ಹಾಕಲಿಲ್ಲ. 'ಕರೆದರೆ ಬರುತ್ತೇನೆ' ಅಂತ ನೀನು ಬರೆದಿದ್ದೆ. ನಿನ್ನನ್ನ ನಾನು ಯಾವತ್ತು ಕರೆದಿದ್ದೆ? ರಂಜಾನಿಗೆ ಕರೆದಿದ್ನಾ? ನೀನಾಗೇ ಬರ್ತಿದ್ದೆ.

ಮೂವತ್ತೊಂದು ಮನೆ ಹೋದವು, ಏಳು ಉಳಿದಿವೆ. ಲೊರೇನ್ ಟ್ರೇಲರಿನ ಟೈರು ಆರು ವರ್ಷದಿಂದ ಉರುಳಿರಲಿಲ್ಲ, ರಬ್ಬರೆಲ್ಲ ಪುಡಿಪುಡಿ. ನಾಲ್ಕೂ ಹೊಸದು ಹಾಕಿಸಿಕೊಟ್ಟೆ. ಫ್ರೆಸ್ನೋ ಹತ್ತಿರ ತಂಗಿ ಮನೆ ಅಂಗಳದಲ್ಲಿ ನಿಲ್ಲಿಸ್ತಾಳಂತೆ. ಹೊರಡುವಾಗ ಅದನ್ನ ಎಳೆಯೋಕೆ ಅಳಿಯ ತಂದ ಟ್ರಕ್ಕನ್ನ ಅವಳೇ ಓಡಿಸ್ತೀನಿ ಅಂತ ಹಟ ಹಿಡಿದು ಗೇಟು ದಾಟೋವರೆಗೂ ಓಡಿಸಿದಳು. ಆಮೇಲೆ ಇಳಿದು ಅಳಿಯನ ಕೈಗೆ ಕೊಟ್ಟಳು. ಜಗನ್ನಾಥನ ಕಂಪನಿ ಮುಚ್ಚಿತು. ಹಾಸನಕ್ಕೆ ಹೋದ. ಹೋಗುವಾಗ ಅವನ ಷೇರಿನ ಕಾಗದಗಳನ್ನ ನನ್ನ ಆಫೀಸಿನ ಕಸದ ಬುಟ್ಟಿಗೆ ಹಾಕಿ, 'ಸಾರ್, ರೀಸೈಕಲಿಂಗ್ ಇದಾ?' ಅಂತ ಕೇಳಿದ. ನಕ್ಕೆವು.

ಡಿಸೆಂಬರ್ ಹದಿನೈದಕ್ಕೆ ನಾವೂ ಹೊರಡ್ತೀವಿ. ಸ್ಯಾಕ್ರಮೆಂಟೋದಲ್ಲಿ ನೂರುನ್ನಿಸಾಳ ತಮ್ಮ ಇದ್ದಾನೆ. ವಿಳಾಸ ಬೇರೆ ಚೀಟೀಲಿ ಬರೆದು ಇಟ್ಟಿದ್ದೀನಿ. ನಿನ್ನ ಆಫೀಸಿನವರು ಕೊನೆಯ ಬಿಲ್ಲು ಕಳಿಸೋಕೆ ಬೇಕು ಅಂದ್ರಂತೆ, ಅದಕ್ಕೆ.

ಈ ಸಲ ರಂಜಾನ್ ನವೆಂಬರ್ ಕೊನೆಗೆ ಬರುತ್ತೆ. ಈಗಿಂದಲೇ ಫೋನು ಮಾಡಿ ಕೇಳ್ತಿದ್ದಾರೆ, ಯಾವತ್ತಿಂದ ಬರೋಣ ಅಂತ. ಇಲ್ಲ ಅಂತ ಹೇಳ್ತಿದ್ದೀನಿ. ಬೆಳಿಗ್ಗೆಯಿಂದ ಒಂಬತ್ತು ಜನಕ್ಕೆ ಹೇಳಿದೆ.

ನಿನ್ನ ಏಪ್ರಿಲಿನ ಪತ್ರ, ಅದರ ಇಂಗ್ಲಿಷ್ ಕಾಪಿ ಎರಡನ್ನೂ ಇದರ ಜೊತೆ ಇಟ್ಟಿದ್ದೀನಿ. ನನ್ನ ಹತ್ತಿರ ಇರೋದು ಬೇಡ.

ವಾಹಿದ್


ಲಿವರ್‌ಮೋರ್
12 ಫೆಬ್ರವರಿ 2001

ಪ್ರಿಯ ವಾಹಿದ್,

ನಿನ್ನ ಕೊನೆಯ ಬಿಲ್ಲು ಕಳಿಸಲು ಕೊಟ್ಟ ವಿಳಾಸವನ್ನು ನಾನು ದುರುಪಯೋಗ ಮಾಡಿಕೊಳ್ಳುತ್ತಿದ್ದೇನೆ. ಇದೂ ಯಾವುದೋ ಫಾರಮ್ಮಿನಲ್ಲಿ ಅಪರಾಧವೇ ಇರಬೇಕು.

ಜನವರಿಯಲ್ಲಿ ಒಬ್ಬ ಹೆಂಗಸು ನಮ್ಮ ಕೌಂಟರಿಗೆ ಬಂದಳು. ಆಸ್ಪತ್ರೆಯ ನರ್ಸು, ಸಮವಸ್ತ್ರದಲ್ಲೇ ಇದ್ದಳು. ನಮ್ಮ ವ್ಯಾಪ್ತಿಯ ಇನ್ನೊಂದು ಪಾರ್ಕಿನಲ್ಲಿ ಟ್ರೇಲರು ಇಟ್ಟುಕೊಂಡಿದ್ದಾಳೆ. ಅಲ್ಲಿಯ ಮಾಲೀಕ ಹೊಸ ದರವನ್ನು ಬಾಡಿಗೆದಾರರ ತಲೆಗೇ ಹಾಕಿದ್ದಾನೆ. 'ನಾನೊಬ್ಬಳೇ ಇರೋದು, ಸ್ನಾನ ಕೂಡ ಆಸ್ಪತ್ರೆಯಲ್ಲೇ ಮುಗಿಸಿ ಬರ್ತೀನಿ. ನನ್ನ ಡಬ್ಬ ಹೇಗೆ ಮನೆಯ ತೊಂಬತ್ತು ಭಾಗ?' ಅಂದಳು. ನಾನು ನಿನಗೆ ಬರೆದಿದ್ದೆನಲ್ಲ ಆ ಶಾಸ್ತ್ರವನ್ನೆಲ್ಲ ಬಿಡಿಸಿ ಹೇಳಿದೆ, ಚರಂಡಿಗೆ ಮೀಟರಿಲ್ಲ, ಚಳಿಗಾಲದ ಲೆಕ್ಕ ಹಿಡಿಯುತ್ತೇವೆ ಅಂತ. ಅವಳು ತಾಳ್ಮೆಯಿಂದ ಕೇಳಿಸಿಕೊಂಡು, 'ಯಾರ ಚಳಿಗಾಲ?' ಅಂದಳು.

ಮೇಜಿನ ಖಾನೆಯಲ್ಲಿದ್ದ, ನೀನು ವಾಪಸು ಕಳಿಸಿದ ಆ ಇಂಗ್ಲಿಷ್ ಹಾಳೆಯನ್ನು ತೆಗೆದು, ಕೆಳಗೆ ಸಹಿ ಹಾಕಿ, ಗ್ಯಾರಿಯ ಮುಂದೆ ಇಟ್ಟೆ. ಅವನು ಎರಡು ಸಲ ಓದಿದ. 'ಇದು ಏಪ್ರಿಲಿನಲ್ಲೇ ಗೊತ್ತಿತ್ತಾ?' ಅಂದ. 'ಫೈಲಿನಲ್ಲಿದೆ, ನಲವತ್ತೇಳನೇ ಹಾಳೆ' ಅಂದೆ. ಅವನು ಫೈಲು ತರಿಸಿ ಆ ಜಿಲೇಬಿಯ ಸಾಲುಗಳನ್ನು ನೋಡಿ, ನನ್ನ ಮುಖ ನೋಡಿದ. ಒಬ್ಬ ಮನುಷ್ಯನಿಗೆ ನಾಚಿಕೆಯಾಗಲು ಅಷ್ಟು ಸಾಕು. ನನಗೆ ಒಂಬತ್ತು ತಿಂಗಳು ಬೇಕಾಯಿತು.

ಬಡ್ತಿ ವಾಪಸಾಯಿತು. ಎರಡು ವಾರ ಸಂಬಳವಿಲ್ಲದೆ ಮನೆಯಲ್ಲಿದ್ದೆ. ಗ್ರೀನ್ ಕಾರ್ಡಿನ ವಕೀಲರು 'ಕಾದು ನೋಡೋಣ' ಅನ್ನುತ್ತಾರೆ, ಅದಕ್ಕೂ ಬಿಲ್ಲು ಕಳಿಸುತ್ತಾರೆ. ಪ್ರಭಾ ಮಾತ್ರ ಆ ದಿನ ಬಹಳ ತಿಂಗಳ ಮೇಲೆ ನನ್ನ ತಟ್ಟೆಗೆ ತಾನೇ ಬಡಿಸಿದಳು.

ಇದರಿಂದ ನಿನ್ನ ಪಾರ್ಕು ವಾಪಸು ಬರುವುದಿಲ್ಲ ಅಂತ ಗೊತ್ತು. ಅಲ್ಲೀಗ ಸಮತಟ್ಟು ನೆಲ, ಸುತ್ತ ತಂತಿ ಬೇಲಿ. ಅಲ್ಲಿ ಆಫೀಸು ಮಾಡಬೇಕಿದ್ದ ಕಂಪನಿಯೇ ಮುಳುಗಿತಂತೆ, ಬಿಲ್ಡರು ಬೇಲಿಯ ಮೇಲೆ 'ಜಾಗ ಲಭ್ಯವಿದೆ' ಅಂತ ಬೋರ್ಡು ಹಾಕಿದ್ದಾನೆ. ನಿನ್ನ ಮೂವತ್ತೆಂಟು ಮನೆಗಳಿಗೆ ಆ ಬೋರ್ಡನ್ನು ಓದಿ ಹೇಳುವವರು ಯಾರು? ನಾನಂತೂ ಆ ರಸ್ತೆಯಲ್ಲಿ ಹೋಗುವುದನ್ನೇ ಬಿಟ್ಟಿದ್ದೇನೆ. ಕ್ಷಮಿಸು ಅಂತ ಬರೆಯಲು ಮೂರು ಸಲ ಕೂತೆ. ನನಗೇ ಸಾಲದು ಅನ್ನಿಸಿ ಹರಿದೆ.

ಉಳಿದ ಎರಡು ಪಾರ್ಕುಗಳ ದರವನ್ನು ಬೋರ್ಡು ಮಾರ್ಚ್ 6ಕ್ಕೆ ಮತ್ತೆ ಕೈಗೆತ್ತಿಕೊಳ್ಳುತ್ತದೆ. ರಂಜಾನಿನ ದಿನಗಳ ನೀರನ್ನು ಲೆಕ್ಕದಿಂದ ಕಳೆಯಲು ಬೋರ್ಡಿನ ವಕೀಲೆ ನನ್ನನ್ನು ಒಂದೇ ಪ್ರಶ್ನೆ ಕೇಳಿದರು: ಆ ಪಾರ್ಕಿನಲ್ಲಿ ಆ ವರ್ಷ ರಂಜಾನು ಯಾವ ತಾರೀಕಿಗೆ ಶುರುವಾಗಿ ಯಾವ ತಾರೀಕಿಗೆ ಮುಗಿಯಿತು? ತಿಂಗಳಿಡೀ ಬಂದು ಉಂಡವನಿಗೆ ಅದು ಗೊತ್ತಿಲ್ಲ. ಬಂದಾಗ ಗಂಜಿ ಇರುತ್ತಿತ್ತು, ಅಷ್ಟೇ ನನಗೆ ಗೊತ್ತಿದ್ದದ್ದು. ಇಂಟರ್ನೆಟ್ಟಿನಲ್ಲಿ ಹುಡುಕಿದರೆ ಒಂದು ಮಸೀದಿಯವರು ಒಂದು ದಿನ, ಇನ್ನೊಂದು ಮಸೀದಿಯವರು ಮಾರನೇ ದಿನ ಅನ್ನುತ್ತಾರೆ. ನಿನ್ನ ಕ್ಲಬ್‌ಹೌಸಿನಲ್ಲಿ ಯಾರು ಕಂಡ ಚಂದ್ರನನ್ನು ನಂಬಿದಿರಿ ಅನ್ನುವುದು ನಿನಗೊಬ್ಬನಿಗೇ ಗೊತ್ತು.

ಆದ್ದರಿಂದ ಒಂದು ಸಣ್ಣ ಉಪಕಾರ. ಇದರೊಳಗೆ ಒಂದು ಪೋಸ್ಟ್‌ಕಾರ್ಡು ಇಟ್ಟಿದ್ದೇನೆ, ವಕೀಲೆಯ ವಿಳಾಸ ಬರೆದು ಸ್ಟಾಂಪು ಅಂಟಿಸಿದೆ. ಅದರಲ್ಲಿ ಆ ಎರಡು ತಾರೀಕು ಬರೆದು, ಸಹಿ ಹಾಕಿ, ಈ ತಿಂಗಳ ಕೊನೆಯೊಳಗೆ ಡಬ್ಬಕ್ಕೆ ಹಾಕು. ನನ್ನ ಹೆಸರು ಎಲ್ಲೂ ಬರೆಯಬೇಕಾಗಿಲ್ಲ.

ಜಯರಾಮ್